ಅಮ್ಮ ಕೂರದ ವರ್ಷಗಳು

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದ ದಿನವೂ ನಮ್ಮಮ್ಮ ನಿಂತೇ ಬರುತ್ತಿದ್ದಳು. ಡ್ರೈವರ್ ಹಿಂದಿನ ಕಂಬ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಿರುವಿನಲ್ಲಿ ಬಸ್ಸು ವಾಲಿದಾಗ ತಾನೂ ವಾಲಿ ಮತ್ತೆ ನೆಟ್ಟಗಾಗುತ್ತಿದ್ದಳು. ಆ ದಾರಿಯ ತಿರುವುಗಳು ಸಾಮಾನ್ಯದವಲ್ಲ. ಗಟ್ಟಿ ಹೊಟ್ಟೆಯವರೂ ಕಿಟಕಿಗೆ ಮುಖ ಕೊಟ್ಟು ದೇವರನ್ನು ನೆನೆಯುವ ರಸ್ತೆ ಅದು.

"ಅಮ್ಮಾ, ಸೀಟು ಖಾಲಿ ಇದೆಯಲ್ಲ, ಕೂತ್ಕೊಳ್ಳಿ ಮಾರಾಯ್ರೆ. ನಿಂತವರಿಗೆ ಟಿಕೆಟ್ಟೇನು ಕಡಿಮೆ ಇಲ್ಲ" ಎಂದು ಕಂಡಕ್ಟರ್ ಒಮ್ಮೆ ಹೇಳಿದ.

"ನೀನೂ ನಿಂತೇ ಇದ್ದೀಯಲ್ಲಪ್ಪ. ನಿನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಅಮ್ಮ.

ಬಸ್ಸಿಡೀ ನಕ್ಕಿತು. ನಾನು ನಗಲಿಲ್ಲ. ನನ್ನ ಸಿಟ್ಟು ಮೊದಲಿಂದಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ಆ ವರ್ಷಗಳಲ್ಲಂತೂ ಅದು ಅಲ್ಲಿಂದ ಇಳಿಯಲೇ ಇಲ್ಲ. ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಅಮ್ಮನಿಗಾಗಿ ಜಾಗ ಕಾದು ಕೂತಿದ್ದ ನಾನು, ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಹೊರಗೆ ನೋಡತೊಡಗಿದೆ.

ಅವತ್ತು ಅವಳನ್ನು ಕೊಪ್ಪದ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಕಾಲು ಬಾತುಕೊಂಡಿದ್ದವು. ಡಾಕ್ಟರು ಪಾದದ ಮೇಲೆ ಬೆರಳಿಟ್ಟು ಒತ್ತಿದರೆ ಅಲ್ಲೊಂದು ಗುಳಿ ಬಿದ್ದು ಹಾಗೇ ಉಳಿಯಿತು. ಅವರ ಎದುರಿನ ಕುರ್ಚಿಯಲ್ಲೂ ಅಮ್ಮ ಕೂರಲಿಲ್ಲ. "ನಿಂತೇ ಹೇಳ್ತೀನಿ ಬಿಡಿ" ಎಂದಳು. ಹೇಳುವುದಕ್ಕೇನೂ ಇರಲಿಲ್ಲ. ಎರಡು ಬಗೆಯ ಮಾತ್ರೆ ಬರೆದುಕೊಟ್ಟ ಡಾಕ್ಟರು, "ಮಾತ್ರೆಗಿಂತ ಮುಖ್ಯ, ಇವರು ಕೂರಬೇಕು. ಕೂತು ಕಾಲನ್ನ ಎತ್ತರದಲ್ಲಿಟ್ಕೊಬೇಕು" ಎಂದು ನನಗೆ ಹೇಳಿದರು. ಕೂರಿಸುವುದು ನನ್ನ ಕೈಲಿದ್ದಿದ್ದರೆ ನಾನು ಆಸ್ಪತ್ರೆಗೆ ಯಾಕೆ ಬರುತ್ತಿದ್ದೆ?

ನಾನಾಗ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಶಾಲೆಯಲ್ಲಿ ಟೀಚರು. ಕೊಪ್ಪದಲ್ಲಿ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಓಡುವುದು, ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಎರಡು ಸಾವಿರದ ಇಸವಿಯ ಆಚೀಚೆಯ ಆ ವರ್ಷಗಳನ್ನು ನೆನೆದರೆ ಇವತ್ತಿಗೂ ನನಗೆ ಡೀಸೆಲ್ ವಾಸನೆಯೇ ಬರುತ್ತದೆ. ಕೊಪ್ಪದಲ್ಲಿದ್ದರೆ ಮನೆಯಲ್ಲಿ ಏನಾಗುತ್ತಿದೆಯೋ ಎಂಬ ಚಡಪಡಿಕೆ, ಮನೆಯಲ್ಲಿದ್ದರೆ ಯಾವಾಗ ಸೋಮವಾರ ಬರುತ್ತದೋ ಎಂಬ ಚಡಪಡಿಕೆ.

ನಮ್ಮದು ನರಸಿಂಹರಾಜಪುರದ ಪೇಟೆಯಲ್ಲಿ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಒಂದು ಯಂತ್ರ ಅಕ್ಕಿ, ರಾಗಿ, ಗೋಧಿಗೆ, ಇನ್ನೊಂದು ಮೆಣಸಿನಕಾಯಿಗೆ. ಖಾರದ ಯಂತ್ರ ಓಡುವಾಗ ಇಡೀ ಬೀದಿ ಸೀನುತ್ತಿತ್ತು. ನಾನು, ನನ್ನ ತಮ್ಮ, ಇಬ್ಬರೂ ಆ ಸದ್ದಿನಲ್ಲೇ ಬೆಳೆದವರು, ಹಾಗಾಗಿ ನಮ್ಮಿಬ್ಬರದೂ ದೊಡ್ಡ ಗಂಟಲು. ತಮ್ಮ ಗಿರಣಿಯಲ್ಲಿ ಅಪ್ಪನಿಗೆ ಕೈಜೋಡಿಸಿ ಬಂದರೆ ಹುಬ್ಬು ಮೀಸೆಯೆಲ್ಲ ಬಿಳಿ. ಕನ್ನಡಿಯಲ್ಲಿ ನೋಡಿಕೊಂಡು, "ಮುದುಕ ಆದ್ಮೇಲೆ ಹಿಂಗೇ ಕಾಣ್ತೀನಿ ನೋಡಕ್ಕ" ಎನ್ನುತ್ತಿದ್ದ. ಬರೀ ಹಿಟ್ಟಿನಲ್ಲೇ ಮುದುಕನಾಗಿ ಮುಗಿಸಿಬಿಟ್ಟ.

ಅವನು ಸೈನ್ಯ ಸೇರಿದ್ದು ನಮಗ್ಯಾರಿಗೂ ಇಷ್ಟವಿರಲಿಲ್ಲ. ವ್ಯಾಪಾರ ಮಾಡುವ ಮನೆಯವರು ನಾವು, ನಮ್ಮ ಕಡೆ ಬಂದೂಕು ಹಿಡಿದವರೇ ಇಲ್ಲ. ಆದರೆ ಓಡುವುದೆಂದರೆ ಅವನಿಗೆ ಹುಚ್ಚು. ಭರ್ತಿಗೆ ಹೋದವನು ಎಲ್ಲರನ್ನೂ ಹಿಂದೆ ಹಾಕಿ ಓಡಿದ, ತೆಗೆದುಕೊಂಡರು. ಹೊರಡುವ ದಿನ ಅಮ್ಮ ಅವನ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿಸಿ, ಒಳಗಿದ್ದ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ದಾರಕ್ಕೆ ಕಟ್ಟಿ ಮತ್ತೆ ಹಾಕಿದ್ದಳು. ಬೆಳ್ಳಿ ಕಂಡರೆ ಕಳ್ಳರು ಕದಿಯುತ್ತಾರೆ ಎಂದು ಅವಳ ಭಯ. ಮಗ ಹೊರಟಿರುವುದು ಎಲ್ಲಿಗೆ, ಇವಳು ಹೆದರುವುದು ಯಾರಿಗೆ ಎಂದು ನಾನು ಅಂದು ನಕ್ಕಿದ್ದೆ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಮೈಮೇಲಿಂದ ಇಳಿಯುವ ಹಾಗಿಲ್ಲ. ಸತ್ತರೂ ಅದು ಎಡ ಅಂಗೈಯಲ್ಲಿ ಜೊತೆಗೇ ಹೋಗಬೇಕು.

ಕಾರ್ಗಿಲ್ಲಿನ ಬೇಸಿಗೆಯಲ್ಲಿ ಟಿ.ವಿ.ಯಲ್ಲಿ ದಿನಾ ಹಿಮದ ಬೆಟ್ಟ ತೋರಿಸುತ್ತಿದ್ದರು. ಅಪ್ಪ ಗಿರಣಿ ನಿಲ್ಲಿಸಿ ವಾರ್ತೆ ನೋಡುತ್ತಿದ್ದ. ಅಮ್ಮ ನೋಡುತ್ತಿರಲಿಲ್ಲ, ಆದರೆ ಅಡುಗೆಮನೆಯಿಂದ ಕೇಳುತ್ತಿದ್ದಳು. ಮಳೆಗಾಲ ಶುರುವಾದ ಮೇಲೆ ಅವನ ಸುದ್ದಿ ಬಂತು. ಆಮೇಲೆ ಅವನು ಬಂದ, ಪೆಟ್ಟಿಗೆಯಲ್ಲಿ.

ಈ ಭಾಗವನ್ನು ನಾನು ಬೇಗ ಬೇಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೂರಿಸುತ್ತೇವೆ. ಹಣೆಗೆ ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ ಮೆರವಣಿಗೆ ಮಾಡಿ, ಚೌಕಾಕಾರದ ಗುಂಡಿಯಲ್ಲಿ ಪೂಜೆಗೆ ಕೂತ ಹಾಗೆಯೇ ಕೂರಿಸಿ ಮಣ್ಣು ಕೊಡುತ್ತೇವೆ. ನಮ್ಮಜ್ಜಿ ತೀರಿಕೊಂಡಾಗ ತಮ್ಮ ತುಂಬ ಚಿಕ್ಕವನು. ಅಜ್ಜಿ ಗುಂಡಿಯಲ್ಲಿ ಕೂತಿದ್ದನ್ನು ನೋಡಿ, "ಅಷ್ಟೊತ್ತು ಕೂತ್ರೆ ಕಾಲು ನೋಯಲ್ವಾ?" ಎಂದು ಕೇಳಿದ್ದ. "ಕೂತು ಜಪ ಮಾಡೋರಿಗೆ ಎಂಥ ನೋವು? ಮಲಗೋರು ಸೋಮಾರಿಗಳು, ನಿನ್ನ ಹಂಗೆ" ಎಂದಿದ್ದಳು ಅಮ್ಮ. ಬೆಳಿಗ್ಗೆ ಅವನನ್ನು ಎಬ್ಬಿಸುವಾಗಲೆಲ್ಲ ಮನೆಯಲ್ಲಿ ಆ ಮಾತೇ ತಮಾಷೆಯಾಗಿ ಓಡಾಡುತ್ತಿತ್ತು.

ಅಜ್ಜ ಅಜ್ಜಿಯರನ್ನು ಇಟ್ಟ ಊರಾಚೆಯ ನಮ್ಮ ದಿಣ್ಣೆಯಲ್ಲೇ ಅವನಿಗೂ ಗುಂಡಿ ತೋಡಿಸಿದ್ದರು. ಚೌಕಾಕಾರ, ಆಳ, ನಮ್ಮ ಪದ್ಧತಿಯ ಅಳತೆ. ತೋಡಿದವರಿಗೆ ಬೇರೆ ಅಳತೆ ಗೊತ್ತೂ ಇರಲಿಲ್ಲ, ತೋಡಿಸಿದವರಿಗೆ ಹೊಳೆಯಲೂ ಇಲ್ಲ. ಲಾರಿ ಬಂತು, ಬಾವುಟ ಹೊದಿಸಿದ ಪೆಟ್ಟಿಗೆ ಇಳಿಯಿತು. ಪೆಟ್ಟಿಗೆ ಉದ್ದ, ಗುಂಡಿ ಚೌಕ. ಊರಿಗೆ ಊರೇ ಸೇರಿದೆ, ಬಂದೂಕಿನವರು ಸಾಲಾಗಿ ನಿಂತಿದ್ದಾರೆ, ದೊಡ್ಡವರೆಲ್ಲ ಹೂವಿನ ಚಕ್ರ ಹಿಡಿದು ಕಾದಿದ್ದಾರೆ. ಅಯ್ಯನೋರು, ಎಂದರೆ ನಮ್ಮ ಮನೆಯ ಕಾರ್ಯ ಮಾಡಿಸುವ ಸ್ವಾಮಿಗಳು, ಪೆಟ್ಟಿಗೆ ತೆರೆದು ಹುಡುಗನನ್ನು ಹೊರಗೆ ಕೂರಿಸಬೇಕು ಎಂದರು. ಜೊತೆಗೆ ಬಂದಿದ್ದ ಅಧಿಕಾರಿ ಅಪ್ಪನ ಭುಜದ ಮೇಲೆ ಕೈಯಿಟ್ಟು, ಮೆತ್ತಗೆ, ಹಿಂದಿಯಲ್ಲಿ, ತೆರೆಯುವುದು ಬೇಡ ಎಂದರು. ಯಾಕೆ ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತಲ್ಲ, ಅದಕ್ಕೇ ಕೇಳಲಿಲ್ಲ.

ಕೊನೆಗೆ ನಮ್ಮ ಪಕ್ಕದ ಮರದ ಡಿಪೋದ ಸಾಬರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತಿಸಿದ್ದ ಮನುಷ್ಯ. "ಉದ್ದಕ್ಕೆ ತೋಡೋದು ನಮಗೆ ಗೊತ್ತು. ಕೊಡ್ರಪ್ಪ ಹಾರೆ" ಎಂದು ಗುಂಡಿಗಿಳಿದರು. ಅವರು ಮತ್ತು ಅವರ ಕಡೆಯ ಇಬ್ಬರು ಗುಂಡಿಯನ್ನು ಉದ್ದ ಮಾಡುವವರೆಗೂ ಎಲ್ಲರೂ ನಿಂತೇ ಇದ್ದೆವು. ಯಾರೋ ಅಮ್ಮನಿಗೊಂದು ಕುರ್ಚಿ ತಂದರು. ಅವಳು ಕೂರಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ತಾನೇ ಕೂರುತ್ತಾರೆ, ಅದನ್ನು ಯಾರೂ ಗಮನಿಸಲಿಲ್ಲ.

ಗಮನಿಸಿದ್ದು ತಿಂಗಳುಗಳಾದ ಮೇಲೆ. ಅಮ್ಮ ಊಟ ನಿಂತು ಮಾಡುತ್ತಿದ್ದಳು. ಅಕ್ಕಿ ಆರಿಸುವುದು ನಿಂತು. ಪಾತ್ರೆ ತೊಳೆಯುವಾಗ ಕುಕ್ಕರಗಾಲಿನಲ್ಲಿ ಇರುತ್ತಿದ್ದಳೇ ಹೊರತು ನೆಲಕ್ಕೆ ಊರಿ ಕೂರುತ್ತಿರಲಿಲ್ಲ. ರಾತ್ರಿ ಮಲಗುತ್ತಿದ್ದಳು, ಬೆಳಿಗ್ಗೆ ಏಳುತ್ತಿದ್ದಳು, ಮಧ್ಯದಲ್ಲಿ ಕೂರುವುದೆಂಬುದು ಅವಳ ದಿನದಿಂದ ಹೊರಟೇ ಹೋಗಿತ್ತು. ಕೇಳಿದರೆ "ಕೂತ್ರೆ ಎದೆ ಹಿಡಿದ ಹಂಗಾಗುತ್ತೆ" ಎನ್ನುತ್ತಿದ್ದಳು. ಮಗ ಹೋದ ತಾಯಿಯ ಎದೆ ಹಿಡಿಯದೆ ಇರುತ್ತದೆಯೇ ಎಂದು ನಾವು ಸುಮ್ಮನಾದೆವು.

ಅಷ್ಟರಲ್ಲಿ ಅವನ ಟ್ರಂಕು ಬಂತು. ಸ್ವೆಟರು, ಒಂದು ರೇಡಿಯೊ, ನಮ್ಮ ಫೋಟೊ, ಹಲ್ಲುಜ್ಜುವ ಬ್ರಷ್ಷು. ಕಾಲುಚೀಲದೊಳಗೆ, ಜೋಪಾನವಾಗಿ, ಬಿಳಿ ಬಟ್ಟೆಯಲ್ಲಿ ಅಮ್ಮ ಹೊಲಿದ ಆ ಲಿಂಗ. ದಾರವನ್ನು ಅದರ ಸುತ್ತಲೇ ಸುತ್ತಿಟ್ಟಿದ್ದ.

ಅಮ್ಮ ಅದನ್ನು ಕೈಗೆ ತೆಗೆದುಕೊಂಡು ದಾರ ಬಿಡಿಸಿದಳು. ಆಮೇಲೆ ತನ್ನ ಕೊರಳಿಗೇ ಹಾಕಿಕೊಂಡಳು, ತನ್ನ ಕರಡಿಗೆಯ ಪಕ್ಕದಲ್ಲೇ. ಒಬ್ಬರ ಮೈಮೇಲೆ ಎರಡು ಲಿಂಗ ಇರಬಾರದು, ತಪ್ಪು ಎಂದರು ಅಯ್ಯನೋರು. "ಇದಿಲ್ದೆ ಅವನನ್ನ ಕಳಿಸಿದ್ದು ತಪ್ಪಲ್ವಾ?" ಎಂದು ಅಮ್ಮ ಕೇಳಿದಳು. ಅವರು ಪುಣ್ಯಾತ್ಮರು, ಅವಳ ಹಣೆಗೆ ವಿಭೂತಿ ಹಚ್ಚಿ ಹೊರಟರು. ಬೆಳಗಿನ ಪೂಜೆಯನ್ನೂ ಅಮ್ಮ ಗೋಡೆಗೆ ಆತುಕೊಂಡು, ನಿಂತೇ ಮಾಡುತ್ತಿದ್ದಳು. ಒಂದರ ನಂತರ ಒಂದು, ಎರಡಕ್ಕೂ. ಅದನ್ನು ನೋಡಲಾರದೆ ನಾನು ಭಾನುವಾರ ಬೆಳಿಗ್ಗೆ ಬೇಕೆಂದೇ ತಡವಾಗಿ ಏಳುತ್ತಿದ್ದೆ.

ಮರುವರ್ಷದ ಸ್ವಾತಂತ್ರ್ಯ ದಿನಾಚರಣೆಗೆ ಅವಳನ್ನು ವೇದಿಕೆಗೆ ಕರೆದರು. ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ. ಅಮ್ಮ ಅದರ ಪಕ್ಕದಲ್ಲಿ ನಿಂತಳು. ಬಾವುಟ ಏರಿತು, ಎಲ್ಲರೂ ಕೂತರು, ಅಮ್ಮ ನಿಂತಳು. ಭಾಷಣವಾಯಿತು, ಮಕ್ಕಳ ಡ್ಯಾನ್ಸಾಯಿತು, ಬಹುಮಾನ ಹಂಚಿಕೆಯಾಯಿತು, ಅಮ್ಮ ನಿಂತೇ ಇದ್ದಳು. ಮುಖ್ಯ ಅತಿಥಿಗಳು ಮೈಕಿನಲ್ಲಿ, "ನೋಡಿ, ಬಾವುಟದ ಗೌರವಕ್ಕಾಗಿ ಈ ತಾಯಿ ಕೂರಲೇ ಇಲ್ಲ. ಇವರಿಂದ ನಾವು ಕಲಿಯಬೇಕು" ಎಂದರು. ಚಪ್ಪಾಳೆಯೋ ಚಪ್ಪಾಳೆ. ಅದನ್ನು ಕೇಳಿ ಮೂರನೇ ಸಾಲಿನ ಮೇಷ್ಟ್ರೊಬ್ಬರು ಎದ್ದು ನಿಂತರು, ಅವರ ಹಿಂದೆ ಎಲ್ಲರೂ ಎದ್ದರು. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಮೈದಾನದ ಹಿಂದಕ್ಕೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತೆ.

ಕಾರಣ ತಿಳಿದದ್ದು ಶೃಂಗೇರಿಯಲ್ಲಿ. ತಾಯಿಯ ಸನ್ನಿಧಿಗೆ ಒಮ್ಮೆ ಕರೆದುಕೊಂಡು ಹೋಗು, ಮನಸ್ಸಿಗೆ ಸಮಾಧಾನ ಆಗುತ್ತೆ ಎಂದು ಕೊಪ್ಪದ ನನ್ನ ಮನೆಯೊಡತಿ ಹೇಳಿದ್ದರು. ದರ್ಶನವಾಯಿತು. ಹೊಳೆಯ ಮೆಟ್ಟಿಲ ಮೇಲೆ ಜನರೆಲ್ಲ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದರೆ ಅಮ್ಮ ನಿಂತಲ್ಲಿಂದಲೇ ಬೀರಿದಳು. ಅರ್ಧ ಮಂಡಕ್ಕಿ ಮುಂದಿನವರ ತಲೆಯ ಮೇಲೆ ಬಿತ್ತು. ಅದೂ ಸರಿ. ಆಮೇಲೆ ಊಟಕ್ಕೆ ಹೋದೆವು. ನೆಲದ ಮೇಲೆ ಉದ್ದುದ್ದ ಪಂಕ್ತಿ, ಸಾವಿರ ಜನ ಸಾಲಾಗಿ ಕೂತಿದ್ದಾರೆ. ನಾನೂ ಕೂತೆ. ನನ್ನ ಪಕ್ಕದಲ್ಲಿ ಖಾಲಿ ಜಾಗ, ಅದರ ಮುಂದೆ ಅಮ್ಮನ ಎರಡು ಬಾತ ಪಾದ.

"ಕೂತ್ಕೊಳ್ಳಿ ತಾಯಿ, ಬಡಿಸ್ತಾ ಬಂದ್ರು" ಎಂದರು ಪಂಕ್ತಿ ನೋಡಿಕೊಳ್ಳುತ್ತಿದ್ದವರು.

ಅಮ್ಮ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತ ಅಷ್ಟೂ ಜನರನ್ನು. ಅವಳ ಕೈ ಎದೆಯ ಮೇಲಿನ ಬಟ್ಟೆಯ ಗಂಟಿಗೆ ಹೋಯಿತು. ತಟಕ್ಕನೆ ತಿರುಗಿ ಹೊರಗೆ ನಡೆದಳು. ಸಾರು ಬಡಿಸುತ್ತಿದ್ದವರನ್ನು ದಾಟಿ ನಾನು ಓಡಿದೆ. ಹೊರಗೆ ಅಂಗಡಿ ಸಾಲಿನ ಮುಂದೆ ಅವಳನ್ನು ಹಿಡಿದು, ಕುಂಕುಮ, ಬಳೆ ಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. "ಸಾಕಾಯ್ತು ನಂಗೆ. ಕೂರೋಕೆ ಏನು ಧಾಡಿ ನಿಂಗೆ? ನಿನ್ನನ್ನೂ ಮಣ್ಣು ಮಾಡ್ಬೇಕಾ ನಾವು?"

ಅಮ್ಮ ಕೂಗಲಿಲ್ಲ. "ಮಾಡ್ರಿ. ನನ್ನನ್ನಾದ್ರೆ ಕೂರಿಸ್ತೀರಿ" ಎಂದಳು. "ಅವನನ್ನ ಮಲಗಿಸಿಬಿಟ್ರಲ್ಲೇ. ಕೈಯಲ್ಲಿ ಲಿಂಗ ಇಲ್ದೆ, ಪೆಟ್ಟಿಗೇಲಿ ಸಾಮಾನು ಇಟ್ಟಂಗೆ ಇಟ್ರಲ್ಲೇ. ಹೆತ್ತವಳು ನಾನು, ಅವನು ಕೂರದೆ ನಾನು ಹೆಂಗೆ ಕೂರ್ಲಿ?"

ಹಸಿದ ಹೊಟ್ಟೆಯಲ್ಲೇ ಕೊಪ್ಪದ ಬಸ್ಸು ಹತ್ತಿದೆವು. ಅಮ್ಮ ಕಂಬ ಹಿಡಿದಳು. ಅವತ್ತು ನಾನೂ ಅವಳ ಪಕ್ಕದಲ್ಲಿ ನಿಂತೆ. ಪ್ರೀತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೂತರೆ ಅವಳ ಮುಖ ನೋಡಬೇಕಾಗುತ್ತಿತ್ತು, ಅದಕ್ಕೆ.

ಮನೆಗೆ ಬಂದವಳೇ ಅಮ್ಮ ಮೊದಲ ಸಲ ಅಪ್ಪನಿಗೆ ಬಾಯಿಬಿಟ್ಟು ಹೇಳಿದಳು. ಗುಂಡಿ ತೆಗೆಸಿ, ಅವನನ್ನು ಕೂರಿಸಿ, ಕೈಗೆ ಲಿಂಗ ಕೊಡಿ. ಅಪ್ಪ ಕಾಳು ಸುರಿಯುತ್ತಿದ್ದವನು ಕೈ ನಿಲ್ಲಿಸಿದ. "ಒಂದ್ಸಲ ಮಣ್ಣು ಕೊಟ್ಟವರನ್ನ ಯಾರಾದ್ರೂ ತೆಗೀತಾರೇನೇ?" ಎಂದ. ಅಯ್ಯನೋರೂ ಅದನ್ನೇ ಹೇಳಿದರು. ಸಾಲದ್ದಕ್ಕೆ ಆ ದಿಣ್ಣೆ ಈಗ ನಮ್ಮದಾಗಿಯೂ ಉಳಿದಿರಲಿಲ್ಲ. ಊರಿನವರು ಸೇರಿ ಸಿಮೆಂಟು ಹಾಸಿ, ಗ್ರಾನೈಟ್ ಕಲ್ಲು ನಿಲ್ಲಿಸಿ, ಸುತ್ತ ಸರಪಳಿ ಕಟ್ಟಿದ್ದರು. ಗೌರವದಿಂದ ಕಟ್ಟಿದ್ದು, ತಪ್ಪು ಹೇಳುವ ಹಾಗಿಲ್ಲ. ಆದರೆ ಒಂದು ಹಿಡಿ ಮಣ್ಣು ಸರಿಸಿ ಆ ಲಿಂಗವನ್ನಾದರೂ ಒಳಗಿಡೋಣ ಎಂದರೂ ಬೆರಳೂರುವಷ್ಟು ಮಣ್ಣು ಅಲ್ಲಿ ಉಳಿದಿರಲಿಲ್ಲ. ಅಪ್ಪನೂ ನಾನೂ ಒಂದು ಸಂಜೆ ಹೋಗಿ ನೋಡಿ ಬಂದೆವು. ಅಪ್ಪ ಸಿಮೆಂಟಿನ ಮೇಲೆ ಅಂಗೈಯಿಟ್ಟು, "ಗಟ್ಟಿ ಕೆಲಸ ಮಾಡಿದಾರೆ" ಎಂದ. ಅದಕ್ಕಿಂತ ದುಃಖದ ಮಾತನ್ನು ಅಪ್ಪನ ಬಾಯಲ್ಲಿ ನಾನು ಕೇಳಿಲ್ಲ.

ಆಮೇಲೆ ಅಪ್ಪ ಗಿರಣಿಯನ್ನು ಖಾಲಿ ಓಡಿಸತೊಡಗಿದ. ಬೀಸಲಿಕ್ಕೆ ಯಾರೂ ಬರದ ಹೊತ್ತಿನಲ್ಲೂ ಮೋಟರು ಹಾಕಿ, ಬೆಲ್ಟು ತಿರುಗುವುದನ್ನು ನೋಡುತ್ತ ನಿಲ್ಲುತ್ತಿದ್ದ. ಆ ಸದ್ದಿನಲ್ಲಿ ಮನೆಯಲ್ಲಿ ಯಾರೂ ಮಾತಾಡಬೇಕಾದ್ದಿರಲಿಲ್ಲ. ನನಗೋ ತಲೆ ಸಿಡಿದುಹೋಗುತ್ತಿತ್ತು.

ಹೀಗಿರುವಾಗ ಡಿಪೋದ ಸಾಬರ ಫೋನಿಗೆ ಒಂದು ಕರೆ ಬಂತು. ತಮ್ಮನ ಜೊತೆಗಿದ್ದ ಸಿಪಾಯಿ, ಬಯಲುಸೀಮೆಯ ಆಚೆ ಉತ್ತರದ ಕಡೆಯವನು. ರಜೆಯಲ್ಲಿ ತಾಯಿಯನ್ನು ಕರೆದುಕೊಂಡು ಶೃಂಗೇರಿಗೆ ಬಂದಿದ್ದಾನೆ, ನಮ್ಮನ್ನು ನೋಡಬೇಕಂತೆ. ತಾಯಿಯನ್ನು ಲಾಡ್ಜಿನಲ್ಲಿ ಬಿಟ್ಟು ಶನಿವಾರ ಕೊಪ್ಪದವರೆಗೆ ಬರುತ್ತೇನೆ, ಅಲ್ಲಿಂದ ದಾರಿ ಗೊತ್ತಿಲ್ಲ ಎಂದಿದ್ದ. ಶಾಲೆ ಮುಗಿಸಿ ನಾನೇ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಾದು ಅವನನ್ನು ಕರೆದುಕೊಂಡು ಹೊರಟೆ. ಸಣ್ಣಗೆ, ಎತ್ತರಕ್ಕಿದ್ದ. ಕೊರಳಲ್ಲಿ ನಮ್ಮ ಹಾಗೆಯೇ ಲಿಂಗದ ದಾರ ಕಾಣುತ್ತಿತ್ತು.

"ಅಕ್ಕಾರ, ನಾ ಯಾವಾಗೋ ಬರಬೇಕಾಗಿತ್ತು. ಧೈರ್ಯ ಆಗ್ಲಿಲ್ರೀ" ಎಂದ.

ಅವನು ಅಷ್ಟೇ ಮಾತಾಡಿದ್ದು. ಮಿಕ್ಕ ದಾರಿಯೆಲ್ಲ ನಾನೇ ಮಾತಾಡಿದೆ. ಯಾಕೆ ಹಾಗೆ ಬಡಬಡಿಸಿದೆನೋ ತಿಳಿಯದು. ಅಷ್ಟು ವರ್ಷ ಒಳಗೆ ಗುಡ್ಡೆ ಬಿದ್ದಿದ್ದೆಲ್ಲ ಅವನ ಮುಂದೆ ಸುರಿದುಬಿಟ್ಟೆ. ಚೌಕದ ಗುಂಡಿ, ಉದ್ದದ ಪೆಟ್ಟಿಗೆ, ಟ್ರಂಕಿನ ಲಿಂಗ, ಕೂರದ ಅಮ್ಮ, ಶೃಂಗೇರಿಯ ಪಂಕ್ತಿ, ಒಂದನ್ನೂ ಬಿಡಲಿಲ್ಲ. ಅವನು ಕಿಟಕಿಯ ಸರಳು ಹಿಡಿದು ಸುಮ್ಮನೆ ಕೇಳಿದ.

ಗಿರಣಿಯ ಮೂಟೆಗಳ ಮುಂದೆ ಅವನಿಗೆ ಕುರ್ಚಿ ಹಾಕಿದೆವು. ಅಪ್ಪ ಮೋಟರು ನಿಲ್ಲಿಸಿ ಬಂದು ಸ್ಟೂಲಿನ ಮೇಲೆ ಕೂತ. ಅಮ್ಮ ಬಾಗಿಲಿಗೆ ಒರಗಿ ನಿಂತಳು. ಊಟ, ತಿಂಡಿ, ಊರು, ತಾಯಿಯ ಆರೋಗ್ಯ, ಏನನ್ನೂ ಕೇಳದೆ ನೇರವಾಗಿ ಒಂದೇ ಕೇಳಿದಳು. "ಅವನ ಲಿಂಗ ಯಾಕಪ್ಪ ಟ್ರಂಕಿನಲ್ಲಿತ್ತು?"

"ಮ್ಯಾಲ ಹೋಗೂಮುಂದ ಎಲ್ಲಾರೂ ಬಿಚ್ಚಿಟ್ವಿ ಯವ್ವಾ. ಕೊಳ್ಳಾಗ ದಾರ ಇದ್ರ ಹಗ್ಗಕ್ಕ ಸಿಗತೈತಿ. ನಂದೂ ಕೆಳಗ ಇತ್ತು. ನಾ ತಿರುಗಿ ಬಂದು ಕಟ್ಟಿಕೊಂಡೆ..."

ಅಮ್ಮ ತಲೆಯಾಡಿಸಿದಳು. ಅದು ಅವಳಿಗೆ ಸಾಕಾಗಲಿಲ್ಲವೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ತನ್ನ ಮಂಡಿ ಉಜ್ಜಿಕೊಂಡು, ತಲೆ ತಗ್ಗಿಸಿಯೇ ಹೇಳಿದ. "ನಾವು ಹೋಗಿ ನೋಡೂ ಹೊತ್ತಿಗೆ ಅವ ಕುಂತಿದ್ದ ಯವ್ವಾ. ದೊಡ್ಡ ಕಲ್ಲಿಗೆ ಬೆನ್ನ ಹಚ್ಚಿ ಕುಂತಿದ್ದ. ಕುಂತಾಂವ ಕುಂತಂಗ ಹೋಗಿದ್ದ."

"ಕೂತಿದ್ನಾ?" ಎಂದಳು ಅಮ್ಮ. "ಹೆಂಗೆ ಕೂತಿದ್ದ? ತೋರ್ಸು."

ಅವನು ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಕುರ್ಚಿಯಿಂದ ಎದ್ದು, ನೆಲದ ಹಿಟ್ಟಿನ ಧೂಳಿನಲ್ಲೇ, ಗೋಧಿಯ ಮೂಟೆಗೆ ಬೆನ್ನು ಕೊಟ್ಟು ಕೂತ. ಒಂದು ಕಾಲು ಮಡಚಿದ, ಇನ್ನೊಂದನ್ನು ಚಾಚಿದ. ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿದ. ಎಡಗೈಯನ್ನು ತೊಡೆಯ ಮೇಲಿಟ್ಟ. ಅಂಗೈ ಮೇಲಕ್ಕೆ, ಬರಿದಾಗಿ.

ಅಮ್ಮನ ಕೈ ಕೊರಳಿನ ಬಟ್ಟೆಯ ಗಂಟಿಗೆ ಹೋಗಿದ್ದನ್ನು ನಾನು ನೋಡಿದೆ. ಅದನ್ನು ಬಿಚ್ಚಿ ಆ ಬರಿದಾದ ಅಂಗೈಗೆ ಇಟ್ಟುಬಿಡುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಪ್ಪನೂ "ಏಯ್, ಏಯ್" ಎನ್ನುತ್ತ ಸ್ಟೂಲಿನಿಂದ ಅರ್ಧ ಎದ್ದ. ಬದುಕಿರುವ ಹುಡುಗ ಅವನು.

ಆದರೆ ಅಮ್ಮ ಅವನ ರಟ್ಟೆ ಹಿಡಿದು ಎಳೆದಳು. "ಏಳಪ್ಪ, ಸಾಕು, ಏಳು. ನಿಮ್ಮಮ್ಮ ಶೃಂಗೇರೀಲಿ ಕಾಯ್ತಾ ಇದಾಳೆ. ನೀನು ಹಂಗೆಲ್ಲ ಕೂರಬಾರ್ದು."

ಅವನು ಎದ್ದ. ಪ್ಯಾಂಟಿನ ಮೇಲೆಲ್ಲ ಬಿಳಿ. ಅವನು ಎದ್ದ ಜಾಗವನ್ನು ಅಮ್ಮ ನೋಡಿದಳು. ಮೂಟೆಯ ಮೇಲೆ ಒಂದು ಕೈಯೂರಿದಳು, ಮಂಡಿ ಲಟಕ್ಕೆಂದಿತು, ನಾನು ಹಿಡಿಯಲು ಹೋದರೆ ಬೇಡವೆಂದಳು. ನಿಧಾನಕ್ಕೆ, ಹಲ್ಲು ಕಚ್ಚಿ, ಅದೇ ಜಾಗದಲ್ಲಿ ಅವಳು ಕೂತಳು. ಒಂದು ಕಾಲು ಮಡಚಿ, ಬಾತ ಇನ್ನೊಂದು ಕಾಲನ್ನು ಚಾಚಿ, ಬೆನ್ನನ್ನು ಮೂಟೆಗೆ ಕೊಟ್ಟು. ಮಗನ ಲಿಂಗವನ್ನು ಬಟ್ಟೆಯಿಂದ ಬಿಚ್ಚಿ ತನ್ನ ಎಡ ಅಂಗೈಯಲ್ಲಿಟ್ಟುಕೊಂಡಳು. ಅಪ್ಪ ಟವಲಿನಿಂದ ಮುಖ ಮುಚ್ಚಿಕೊಂಡ. ಅಪ್ಪ ಅತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಪೆಟ್ಟಿಗೆ ಮಲಗಿಸ್ತು ಅಷ್ಟೇ" ಎಂದಳು ಅಮ್ಮ ಅಪ್ಪನಿಗೆ. "ಅವನು ಕೂತೇ ಹೋದ." ಆಮೇಲೆ ಲಿಂಗವನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದಳು. "ಕಾಫಿ ಮಾಡೇ ಎಲ್ಲರಿಗೂ. ನಂಗೂ ಕೊಡು, ಕೂತ್ಕೊಂಡು ಕುಡೀತೀನಿ."

ಸಂಜೆ ಅವನನ್ನು ಬಸ್ಸು ಹತ್ತಿಸಲು ನಾನೇ ಹೋದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಗಿರಣಿ ಓಡುತ್ತಿತ್ತು. ನಾನೇ ಅಲ್ಲವೇ ಅವನಿಗೆ ಎಲ್ಲವನ್ನೂ ಹೇಳಿದ್ದು? ಅಮ್ಮನಿಗೆ ಏನು ಬೇಕೆಂಬುದನ್ನು ಅಚ್ಚುಕಟ್ಟಾಗಿ ಬಿಡಿಸಿ ಅವನ ಕೈಗಿಟ್ಟವಳು ನಾನೇ. ಸುಳ್ಳು ಹೇಳುವವನಾಗಿದ್ದರೆ ಪೂಜೆಗೆ ಕೂತವನಂತೆ ಎರಡೂ ಕಾಲು ಮಡಚುತ್ತಿದ್ದ, ಒಂದನ್ನು ಚಾಚುತ್ತಿರಲಿಲ್ಲ ಎನ್ನಿಸಿತು. ಮರುಗಳಿಗೆಯಲ್ಲೇ, ಜಾಣನಾದರೆ ಒಂ‌ದನ್ನು ಚಾಚಿಯೇ ಚಾಚುತ್ತಾನೆ ಎನ್ನಿಸಿತು. ಬಸ್ಸು ಸ್ಟಾರ್ಟ್ ಆಗಿತ್ತು. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದೆ.

"ನನ್ನಾಣೆಗೂ ನಿಜ ಹೇಳು. ಅವನು ಕೂತಿದ್ದು ನಿಜಾನಾ?"

ಅವನು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನನ್ನನ್ನೇ ನೋಡಿದ. ಕಣ್ಣು ತಪ್ಪಿಸಲಿಲ್ಲ. "ಅವ್ವಾರು ಕುಂತ್ರಲ್ರೀ ಅಕ್ಕಾರ" ಎಂದ. ಕಂಡಕ್ಟರ್ ವಿಸಿಲ್ ಊದಿದ, ಬಸ್ಸು ಹೊರಟುಹೋಯಿತು.

ಅದೂ ಒಂದು ಉತ್ತರವೇ? ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಅವನ ತಾಯಿ ನೂರು ವರ್ಷ ಬಾಳಲಿ ಎಂದುಕೊಂಡೆ. ಅವನ ವಿಳಾಸ ನನ್ನ ಹತ್ತಿರ ಇತ್ತು, ಮುಂದೆ ಯಾವಾಗ ಬೇಕಾದರೂ ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಆದರೆ ಕೇಳದೆಯೂ ಸುಮ್ಮನಿದ್ದೆನೆಂದಲ್ಲ. ಕೊಪ್ಪದ ಕೋಣೆಯಲ್ಲಿ, ನಾರ್ವೆಯ ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುವಾಗ, ನೆಲದ ಮೇಲೆ ಕಾಲು ಚಾಚಿ ಕೂತ ಯಾರನ್ನೇ ಕಂಡಾಗ, ಆ ಪ್ರಶ್ನೆ ಎದ್ದು ನಿಲ್ಲುತ್ತಿತ್ತು.

ಅವತ್ತು ಮನೆಗೆ ವಾಪಸ್ಸು ಬಂದಾಗ ಗಿರಣಿಯ ಮುಂದಿನ ಕಟ್ಟೆಯಲ್ಲಿ ಅಮ್ಮ ಕೂತಿದ್ದಳು. ತೊಡೆಯ ಮೇಲೆ ಮೊರ, ಮೊರದ ತುಂಬ ಗೋಧಿ. ಕಲ್ಲು ಆರಿಸಿ ಎಸೆಯುತ್ತ ಪಕ್ಕದ ಸಾಬರ ಹೆಂಡತಿಯ ಜೊತೆ ಏನೋ ಮಾತಾಡುತ್ತಿದ್ದಳು. ಒಳಗೆ ಅಪ್ಪ ಯಾರದೋ ರಾಗಿ ಬೀಸುತ್ತಿದ್ದ.

"ಬಸ್ ಸಿಕ್ತಾ ಆ ಹುಡುಗನಿಗೆ?" ಎಂದು ಗಂಟಲು ಎತ್ತರಿಸಿ ಕೇಳಿದಳು.

"ಸಿಕ್ತು."

ಅಮ್ಮ ಸ್ವಲ್ಪ ಸರಿದು, ಪಕ್ಕದ ಜಾಗದ ಹಿಟ್ಟನ್ನು ಸೆರಗಿನಲ್ಲಿ ಒರೆಸಿದಳು. "ಬಾ, ಕೂತ್ಕೊ" ಎಂದಳು.

ನಾನು ಕಟ್ಟೆಯ ಕಂಬ ಹಿಡಿದು ನಿಂತೇ ಇದ್ದೆ.